ಗಟ್ಟಿ ನಾಯಕ ಬೇಕೆಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮಗಳ ಮದುವೆಯ ದಿನ ಊಟದ ಪಂಕ್ತಿಯಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಎಲೆಗೆ ಪಾಯಸ ಬಡಿಸುತ್ತಿದ್ದರು, ಬೀಗರು ಪಕ್ಕದಲ್ಲೇ ಕುಳಿತಿದ್ದರು, ವಾದಕ್ಕೆ ಅದು ಹೊತ್ತಾಗಿರಲಿಲ್ಲ. "ಜೀವಮಾನವೆಲ್ಲ ವಿರೋಧ ಪಕ್ಷದಲ್ಲಿ ಕುಳಿತು ಏನು ಸಾಧಿಸಿದೆ? ಈ ದೇಶಕ್ಕೆ ಬೇಕಾಗಿರುವುದು ಒಬ್ಬ ಗಟ್ಟಿ ನಾಯಕ. ಅವನು ಹೇಳಿದ್ದು ನಡೆಯಬೇಕು, ಅಷ್ಟೇ" ಎಂದು ನೀನು ಹೇಳಿದ್ದೆ. ಆ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬಂತು.

ಕಳೆದ ವಾರ ಮತ್ತೆ ಬೆಂಗಳೂರಿಗೆ ಬಂದಿದ್ದೆ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಪರಿಹಾರ ಕೇಳಲು ನಮ್ಮ ಕಡೆಯ ಬೆಳೆಗಾರರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತಿದ್ದರು. ನಿನ್ನ ಮನೆಗೆ ಬರಲಾಗದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ರಾತ್ರಿಯ ಬಸ್ಸಿಗೇ ಎಲ್ಲರೂ ಹೊರಟೆವು. ಸಂಜೆ ಭಾಷಣಗಳು ಮುಗಿದ ಮೇಲೆ ಒಬ್ಬನೇ ಒಳಗೆ ಹೋಗಿ, ಉಳಿಸಿಕೊಂಡಿರುವ ಹಳೆಯ ಜೈಲಿನ ಕೋಣೆಗಳ ಮುಂದೆ ಬಹಳ ಹೊತ್ತು ಕುಳಿತಿದ್ದೆ. ನಿನಗೆ ಹೇಳಬೇಕಾದ ಉತ್ತರ ಅಲ್ಲಿಯೇ ಹೊಳೆಯಿತು.

1975ರ ಜೂನ್ ಕೊನೆಯಲ್ಲಿ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬೆಂಗಳೂರಿಗೆ ಬಂದದ್ದು ಸಂಸತ್ತಿನ ಜಂಟಿ ಸಮಿತಿಯ ಸಭೆಗಾಗಿ. ಪಕ್ಷಾಂತರ ತಡೆಯುವ ಮಸೂದೆಯ ಕೆಲಸ ಅದು. ಜೂನ್ 25ರ ರಾತ್ರಿ ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇಲೆ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿತ್ತು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ, ಎಲ್ಲ ಮುಗಿದ ಮೇಲೆ. ಅದೇ ದಿನ ಇಲ್ಲಿ ಈ ನಾಲ್ವರ ಬಂಧನವಾಯಿತು. ಕಾನೂನು ಬರೆಯಲು ಬಂದವರು, ಕಾನೂನಿನ ಆಸರೆಯೇ ಇಲ್ಲದೆ, ವಿಚಾರಣೆಯೇ ಇಲ್ಲದೆ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು, ಅಂದರೆ ಈಗಿನ ಫ್ರೀಡಂ ಪಾರ್ಕು, ಸೇರಿದರು.

ಅವರಲ್ಲಿ ನನ್ನ ಮನಸ್ಸು ನಿಲ್ಲುವುದು ದಂಡವತೆಯವರ ಮೇಲೆ. ಮುಂಬಯಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು, ಸಮಾಜವಾದಿ. ಅವರು ಬೆಂಗಳೂರಿನ ಜೈಲಿನಲ್ಲಿದ್ದಾಗ ಹೆಂಡತಿ ಪ್ರಮೀಳಾ ಅವರು ಪುಣೆಯ ಯರವಡಾ ಜೈಲಿನಲ್ಲಿದ್ದರು. ಗಂಡ ಹೆಂಡತಿ ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಪತ್ರ ಬರೆದುಕೊಂಡೇ ದಿನ ದೂಡಿದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಇಟ್ಟದ್ದೂ ಬೆಂಗಳೂರಿನ ಇದೇ ಜೈಲಿನಲ್ಲಿ. ಆಸ್ತಮಾ ಇದ್ದ ಹೆಣ್ಣುಮಗಳು. ರಾತ್ರಿಯ ಮೌನದಲ್ಲಿ ಆಕೆಯ ಕೂಗು ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದಿದ್ದಾರೆ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಆ ಗೋಡೆಗಳ ನಡುವೆ ಕುಳಿತಾಗ ನನಗೆ ನೆನಪಾದದ್ದು ನಾವಿಬ್ಬರೂ ಆ ವರ್ಷಗಳಲ್ಲಿ ಆಡುತ್ತಿದ್ದ ಮಾತು. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಕಚೇರಿಯಲ್ಲಿ ಗುಮಾಸ್ತ ಹತ್ತು ಗಂಟೆಗೇ ಕುರ್ಚಿಯಲ್ಲಿರುತ್ತಾನೆ, ದೇಶಕ್ಕೆ ಇದೇ ಬೇಕಿತ್ತು ಎಂದು ಸಾಗರದ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಹೇಳುತ್ತಿದ್ದೆವಲ್ಲ. ಆ ಹೊತ್ತಿನಲ್ಲಿ ಯಾರು ಎಲ್ಲಿ ನರಳುತ್ತಿದ್ದರೆಂದು ನಮಗೆ ತಿಳಿಸಬೇಕಾದ ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ನಾನು ಆಗ ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಇಲ್ಲಿಯ ಬಂದಿಗಳು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು. ದೇಶದ ಹಲವು ಹೈಕೋರ್ಟುಗಳು ಬಂದಿಗಳ ಅರ್ಜಿ ಕೇಳಲು ತಮಗೆ ಅಧಿಕಾರವಿದೆ ಎಂದವು. 1976ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಹಾಗೆ ಮುಚ್ಚಲಾಗದು ಎಂದವರು ಎಚ್.ಆರ್. ಖನ್ನಾ ಒಬ್ಬರೇ.

ಆದರೂ 1977ರ ಮಾರ್ಚಿನಲ್ಲಿ ನಮ್ಮ ರಾಜ್ಯ ಕಾಂಗ್ರೆಸ್ಸಿಗೆ 28ರಲ್ಲಿ 26 ಸ್ಥಾನ ಕೊಟ್ಟಿತು. ಉತ್ತರದಲ್ಲಿ ಇಂದಿರಾ ಗಾಂಧಿಯವರೇ ಸೋತಾಗ ಇಲ್ಲಿ ಹೀಗೇಕಾಯಿತೆಂದು ಹೊರಗಿನವರು ಬೆರಗಾದರು. ನಮ್ಮ ಮನೆಯಲ್ಲಿ ಬೆರಗಿರಲಿಲ್ಲ. ಅಪ್ಪ ಗೇಣಿದಾರ. ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ, ಉಳುವವನಿಗೆ ಭೂಮಿ ಕೊಡುವ ಕಾನೂನಿನಡಿ ಡಿಕ್ಲರೇಷನ್ ಕೊಟ್ಟು, ಭೂ ನ್ಯಾಯಮಂಡಳಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ, ಕೊನೆಗೆ ಎರಡೂವರೆ ಎಕರೆ ಗದ್ದೆ ಅವರ ಹೆಸರಿಗಾಯಿತು. ಮೊದಲ ಸಲ ಸುಗ್ಗಿಯ ಭತ್ತ ಪೂರ್ತಿ ನಮ್ಮ ಕಣಜಕ್ಕೇ ಬಂದ ದಿನ ಅಮ್ಮ ಕಣಜದ ಮುಂದೆ ದೀಪ ಹಚ್ಚಿಟ್ಟಿದ್ದಳು. ಅಪ್ಪ ಯಾರಿಗೆ ವೋಟು ಹಾಕಿದರೆಂದು ನಾನು ಕೇಳಲೂ ಇಲ್ಲ. ನಾನು ಮುಂದೆ ಅವರೆದುರೇ ಬೇರೆ ಬಾವುಟ ಹಿಡಿದೆ, ಅವರು ತಡೆಯಲಿಲ್ಲ. ಈಗಲೂ ಯಾರಾದರೂ ಅರಸರ ಬಗ್ಗೆ ಹಗುರವಾಗಿ ಮಾತನಾಡಿದರೆ ನಾನು ಎದ್ದು ನಿಂತು ವಿರೋಧಿಸುತ್ತೇನೆ. ಎದುರು ಪಕ್ಷದಲ್ಲಿ ನಿಂತವನಿಗೆ ಆಳುವವರ ಒಳ್ಳೆಯ ಕೆಲಸ ಕಾಣದೇ ಹೋದರೆ ಅವನ ಟೀಕೆಗೂ ತೂಕ ಇರುವುದಿಲ್ಲ.

ಇನ್ನು ಆ ಚುನಾವಣೆಯಲ್ಲಿ ದೆಹಲಿಯಲ್ಲಿ ಗೆದ್ದು ಬಂದ ಜನತಾ ಪಕ್ಷದ ಸರ್ಕಾರದ ಮಾತು. ಮೊರಾರ್ಜಿ, ಚರಣ್ ಸಿಂಗ್, ಜಗಜೀವನ್ ರಾಂ, ಇವರಲ್ಲಿ ಯಾರು ದೊಡ್ಡವರು ಎಂಬ ಜಗಳದಲ್ಲೇ ಅದು ಎರಡೂವರೆ ವರ್ಷದೊಳಗೆ ಕುಸಿಯಿತು. ಬಂದ ಹೊಸತರಲ್ಲೇ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡಿಸಿತು. ಜೈಲಿನಿಂದ ಬಂದವರು ಹಾಗೆ ಮಾಡಬಾರದಿತ್ತು, ಅದು ತಪ್ಪು ಎಂದು ನಾನು ಅಂದಿನಿಂದ ಹೇಳುತ್ತ ಬಂದಿದ್ದೇನೆ. ಆದರೆ ಅದೇ ಸರ್ಕಾರ 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದಿತು. ಇನ್ನು ಮುಂದೆ ಮಂತ್ರಿಮಂಡಲದ ಲಿಖಿತ ಸಲಹೆಯಿಲ್ಲದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ. 'ಆಂತರಿಕ ಕ್ಷೋಭೆ' ಎಂಬ ಸಡಿಲ ನೆಪ ಸಾಲದು, ಸಶಸ್ತ್ರ ಬಂಡಾಯವೇ ಇರಬೇಕು. ತುರ್ತುಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ. ಆ ರಾತ್ರಿ ನಡೆದ ಒಂದೊಂದು ಅನ್ಯಾಯಕ್ಕೂ ಒಂದೊಂದು ಬೀಗ.

ಗೆಳೆಯ, ಇದನ್ನು ಸ್ವಲ್ಪ ನಿಂತು ನೋಡು. ಪ್ರಧಾನಿಯ ಕುರ್ಚಿ ಈಗ ಅವರ ಕೈಯಲ್ಲಿತ್ತು. ಆ ಕುರ್ಚಿಯ ಬಲ ಕಡಿಮೆಯಾದರೆ ಕಡಿಮೆಯಾಗುವುದು ಅವರದೇ ಬಲ. ಆದರೂ ಕಡಿಮೆ ಮಾಡಿದರು. ನನ್ನ ಲೆಕ್ಕದಲ್ಲಿ ಬದಲಾವಣೆ ಎಂದರೆ ಅದು. ಸರ್ಕಾರ ಬಿತ್ತು, ಅದರ ನಾಯಕರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ತೀರಿಹೋದರು, ಬೀಗಗಳು ಇನ್ನೂ ಅಲ್ಲೇ ಇವೆ. ದಂಡವತೆ ರೈಲ್ವೆ ಮಂತ್ರಿಯಾದಾಗ ಎರಡನೇ ದರ್ಜೆಯ ಮರದ ಹಲಗೆಗಳಿಗೆ ಮೆತ್ತೆ ಹಾಕಿಸಿದ್ದೂ ನನಗೆ ಇದೇ ಸಾಲಿನಲ್ಲಿ ಕಾಣುತ್ತದೆ. ಆ ಹಲಗೆಯ ಮೇಲೆ ರಾತ್ರಿ ಕಳೆದವನಿಗೆ ಅದರ ಬೆಲೆ ಗೊತ್ತು.

ನಮ್ಮ ರಾಜ್ಯದಲ್ಲಿ ಇಂಥದೇ ಕೆಲಸ ಮಾಡಿದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರು ಸಾಬ್' ಎನಿಸಿಕೊಂಡವರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅವರು ತಮ್ಮ ಇಲಾಖೆಯ ಅಧಿಕಾರವನ್ನು ತಾವೇ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಹಂಚಿದರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಹೆಂಗಸರಿಗೆ ನೂರಕ್ಕೆ 25ರಷ್ಟು ಮೀಸಲು. 1987ರ ಚುನಾವಣೆಯಲ್ಲಿ ಎದುರು ಪಕ್ಷ ಕಾಂಗ್ರೆಸ್ಸು ಗೆದ್ದ ಕಡೆಗೂ ಆ ಅಧಿಕಾರ ಹೋಯಿತು. ನಾನು ಮೊದಲ ಸಲ ಆರಿಸಿ ಬಂದ ನಮ್ಮ ಮಂಡಲದಲ್ಲೂ ಬಹುಮತ ಅವರದೇ. ಮರುವರ್ಷ ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಜೈಲಿನ ಗೋಡೆ ಕಂಡ ನಮ್ಮವರಿಗೇ ಹೀಗೆ ಆಗುವುದಾದರೆ ಯಾವ ಮನುಷ್ಯನ ಒಳ್ಳೆಯತನವನ್ನು ನೆಚ್ಚಿಕೊಂಡೂ ದೇಶ ಒಪ್ಪಿಸಬಾರದೆಂದು ಅಂದೇ ನಿರ್ಧರಿಸಿದೆ. ಹೆಗಡೆಯವರ ನಂತರ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ಕೇಂದ್ರವು ಸದನದಲ್ಲಿ ಬಹುಮತ ತೋರಿಸಲು ಬಿಡದೆಯೇ ವಜಾ ಮಾಡಿತು. ಅವರು ಕೋರ್ಟಿಗೆ ಹೋದರು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. ಬೊಮ್ಮಾಯಿಯವರಿಗೆ ಮುಖ್ಯಮಂತ್ರಿಯ ಕುರ್ಚಿ ಮತ್ತೆ ಸಿಗಲಿಲ್ಲ. ಅವರ ಹೆಸರಿನ ಆ ತೀರ್ಪು ಅನಂತರ ಎಲ್ಲ ಪಕ್ಷಗಳ ಸರ್ಕಾರಗಳನ್ನೂ ಕಾಯ್ದಿದೆ.

ಈಗ ನನ್ನ ಲೆಕ್ಕ ಕೊಡುತ್ತೇನೆ, ನೀನು ಕೇಳಿದ್ದು ಅದನ್ನೇ ತಾನೇ. ತಾಲ್ಲೂಕು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕ್ರಿಯಾಯೋಜನೆಯನ್ನು ಓದದೆ ಒಪ್ಪಿಸುವ ಪದ್ಧತಿಯಿತ್ತು. ಒಂದೊಂದು ಕಾಮಗಾರಿಯನ್ನೂ ಗಟ್ಟಿಯಾಗಿ ಓದಿಸಲು ನಾನು ಹಟ ಹಿಡಿದೆ. ನಮ್ಮ ಹಳ್ಳಿಯ ನೀರಿನ ಟ್ಯಾಂಕು ಕಾಗದದಲ್ಲಿ ಕಟ್ಟಿ ಮುಗಿದಿತ್ತು, ಜಾಗದಲ್ಲಿ ಬರೀ ಕಂಬಗಳಿದ್ದವು. ನನ್ನ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಲು ಮೂರು ಸಭೆ ಹಿಡಿಯಿತು. ಬಿಲ್ಲು ನಿಂತಿತು. ಟ್ಯಾಂಕು ಮೇಲೆದ್ದಿತು. ಇಷ್ಟೇ ನನ್ನ ಸಾಧನೆ, ಇದನ್ನು ಕಡಿಮೆಯೆಂದು ನಾನು ಭಾವಿಸುವುದಿಲ್ಲ. ಆ ಟ್ಯಾಂಕಿನ ನೀರನ್ನು ನನಗೆ ವೋಟು ಹಾಕದವರೂ ಕುಡಿಯುತ್ತಾರೆ.

2021ರಲ್ಲಿ ನಮ್ಮ ಅವಧಿ ಮುಗಿಯಿತು. ಆಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರವೆಲ್ಲ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಒಂದು ಪಕ್ಷ ಹೋಗಿ ಇನ್ನೊಂದು ಬಂದರೂ ಮುಂದೂಡಿಕೆ ನಿಲ್ಲಲಿಲ್ಲ. ಸಭೆಯಿಲ್ಲ, ಆದ್ದರಿಂದ ಆಕ್ಷೇಪ ಎತ್ತುವವನೂ ಇಲ್ಲ. ಒಬ್ಬನೇ ಹೇಳಿ ಒಬ್ಬನೇ ಮಾಡುವ ಆಡಳಿತ ಹೇಗಿರುತ್ತದೆಂದು ನೋಡಲು ದೆಹಲಿಯತನಕ ಹೋಗಬೇಕಿಲ್ಲ, ನಮ್ಮ ತಾಲ್ಲೂಕು ಕಚೇರಿಯ ಕಾರಿಡಾರಿನಲ್ಲಿ ಅರ್ಜಿ ಹಿಡಿದು ನಿಂತ ಮುದುಕಿಯರನ್ನು ಕೇಳಿದರೆ ಸಾಕು.

ದೀಪಾವಳಿಗೆ ಊರಿಗೆ ಬರುತ್ತೇನೆಂದಿದ್ದೆಯಲ್ಲ, ಅತ್ತಿಗೆಯನ್ನೂ ಕರೆದುಕೊಂಡು ಬಾ. ಚುನಾವಣೆ ನಡೆಸಿರೆಂದು ಕೇಳುವ ಮನವಿಯೊಂದನ್ನು ಬರೆದಿಟ್ಟಿದ್ದೇನೆ. ಮನೆಮನೆಗೆ ಹೋಗಿ ಸಹಿ ಮಾಡಿಸುವ ಕೆಲಸಕ್ಕೆ ಜೊತೆ ಬೇಕು. ನಿನ್ನ ವೋಟು ಇನ್ನೂ ನಮ್ಮ ಹಳ್ಳಿಯ ಪಟ್ಟಿಯಲ್ಲೇ ಇದೆ, ನಾನು ನೋಡಿದ್ದೇನೆ. ಗಟ್ಟಿ ನಾಯಕನ ವಿಷಯವನ್ನು ತೋಟದ ದಾರಿಯಲ್ಲಿ ನಡೆಯುತ್ತ ಮುಂದುವರಿಸೋಣ.

ನಿನ್ನ ಗೆಳೆಯ