ಹೊರಗೆ ದಾರಿಯಿಲ್ಲದ ಸರೋವರ

ಸಾಲ್ಟ್ ಲೇಕ್ ಸಿಟಿ, ಯೂಟಾ, ಅಮೆರಿಕ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ.

ಅಪ್ಪಾ, ಸಮುದ್ರವೇ ಹತ್ತಿರ ಇಲ್ಲದ ಕಡೆ ಇಲ್ಲಿನ ಗ್ರೇಟ್ ಸಾಲ್ಟ್ ಲೇಕ್ ಅನ್ನುವ ಸರೋವರಕ್ಕೆ ಅಷ್ಟೊಂದು ಉಪ್ಪು ಎಲ್ಲಿಂದ ಬಂತು ಅಂತ ಫೋನಿನಲ್ಲಿ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಗ್ರೇಟ್ ಸಾಲ್ಟ್ ಲೇಕ್‌ಗೆ ಬೇರ್, ವೀಬರ್, ಜೋರ್ಡನ್ ಅನ್ನುವ ನದಿಗಳು ಬಂದು ಸೇರುತ್ತವೆ. ಇಲ್ಲಿಂದ ಹೊರಗೆ ಹರಿಯುವ ನದಿ ಒಂದೂ ಇಲ್ಲ. ಬಂದ ನೀರು ಆವಿಯಾಗಿಯೇ ಹೋಗಬೇಕು. ಬಂಡೆ, ಮಣ್ಣಿನಿಂದ ನದಿಗಳು ಚೂರುಚೂರೇ ಕರಗಿಸಿ ತಂದ ಉಪ್ಪು ಮಾತ್ರ ಇಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಎಷ್ಟು ಸೇರಬೇಡ! ಹಿಮಯುಗದಲ್ಲಿ ಇಲ್ಲಿ ಬಾನೆವಿಲ್ ಅನ್ನುವ ಭಾರಿ ಸರೋವರ ಇತ್ತು. ಅದರ ಹಳೆಯ ದಡಗಳ ಗೆರೆ ವಾಸಾಚ್ ಬೆಟ್ಟಗಳ ಮೇಲೆ ಈಗಲೂ ಕಾಣುತ್ತದೆ, ತಲೆ ಎತ್ತಿ ನೋಡಬೇಕು, ಅಷ್ಟು ಎತ್ತರದಲ್ಲಿ. ಅದು ಒಣಗಿ ಉಳಿದದ್ದು ಇದು.

1959ರಲ್ಲಿ ಸರೋವರದ ನಡುವೆ ಕಲ್ಲುಮಣ್ಣು ತುಂಬಿ ರೈಲು ದಾರಿ ಹಾಕಿದರು. ಅದರಿಂದ ಸರೋವರ ಉತ್ತರ, ದಕ್ಷಿಣ ಅಂತ ಎರಡು ಭಾಗವಾಯಿತು. ನದಿಗಳು ಬಂದು ಸೇರುವುದು ದಕ್ಷಿಣ ಭಾಗಕ್ಕೆ. ಹಾಗಾಗಿ ಉತ್ತರದ ನೀರು ವಿಪರೀತ ಉಪ್ಪಾಯಿತು. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ನೀರಿನ ಬಣ್ಣವೇ ಗುಲಾಬಿ. ದಕ್ಷಿಣದಲ್ಲಿ ಪುಟಾಣಿ ಉಪ್ಪುನೀರಿನ ಸೀಗಡಿಗಳು, ನೊಣಗಳು ಇವೆ. ಲಕ್ಷಾಂತರ ವಲಸೆ ಹಕ್ಕಿಗಳಿಗೆ ಅವೇ ಊಟ.

ಆಳ ಮಾತ್ರ ತೀರಾ ಕಡಿಮೆ, ಅಗಲವಾದ ತಟ್ಟೆಯಲ್ಲಿ ನೀರು ಹಾಕಿದ ಹಾಗೆ. ಮಟ್ಟ ಸ್ವಲ್ಪ ಇಳಿದರೂ ದಡ ಎಷ್ಟೋ ದೂರ ಸರಿಯುತ್ತದೆ. 1980ರ ದಶಕದಲ್ಲಿ ನೀರು ಉಕ್ಕಿ ರಸ್ತೆಗಳೇ ಮುಳುಗಿದ್ದವು. 2022ರ ನವೆಂಬರ್‌ನಲ್ಲಿ ಅದಕ್ಕಿಂತ ಸುಮಾರು 7 ಮೀಟರ್ ಕೆಳಗಿಳಿದು, ಹಿಂದೆಂದೂ ಕಾಣದಷ್ಟು ಬತ್ತಿತು. ಮಳೆ, ಹಿಮ ಕಡಿಮೆಯಾದದ್ದು ಒಂದು ಕಾರಣ. ಅದಕ್ಕಿಂತ ಜಾಸ್ತಿ, ಸರೋವರ ಸೇರುವ ಮೊದಲೇ ನದಿ ನೀರನ್ನು ಹೊಲಗಳಿಗೆ, ಊರುಗಳಿಗೆ ತಿರುಗಿಸಿದ್ದು. ದನಗಳ ಮೇವಿಗೆ ಬೆಳೆಯುವ ಆಲ್ಫಾಲ್ಫಾ ಸೊಪ್ಪಿಗೇ ಬಹಳ ನೀರು ಹೋಗುತ್ತದೆ.

ನನಗೆ ಸಂಕಟವಾಗುವುದು ಇಲ್ಲೇ. ಉಪ್ಪು ಕೆರೆಗೆ ಹೋದ ಸಿಹಿನೀರು ಸುಮ್ನೆ ವ್ಯರ್ಥ ಅಂತ ಜನ ಬಹಳ ಕಾಲ ಅಂದುಕೊಂಡಿದ್ದರು. ಅದು ವ್ಯರ್ಥ ಹೇಗಾಗುತ್ತದೆ? ನೀರು ಇಳಿದರೆ ಉಪ್ಪು ಏರಿ ಸೀಗಡಿ ಸಾಯುತ್ತದೆ, ಹಕ್ಕಿಗೆ ಊಟ ಇಲ್ಲ. ಬರಿದಾದ ತಳದ ಮಣ್ಣಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆ. ಗಾಳಿ ಬೀಸಿದರೆ ಆ ಧೂಳು ಊರಿನ ಕಡೆಗೇ ಬರುತ್ತದೆ. ಈಗ ರೈತರಿಂದ ನೀರನ್ನು ಲೀಸ್‌ಗೆ ಪಡೆದು ಸರೋವರಕ್ಕೆ ಬಿಡಲು ಕಾನೂನು ದಾರಿ ಮಾಡಿಕೊಟ್ಟಿದೆ. ಇನ್ನೂ ತುಂಬಾ ನೀರು ಬೇಕು.

ಅಮ್ಮಾ, ಧೂಳಿನ ವಿಷಯ ಓದಿ ಗಾಬರಿಯಾಗಬೇಡ. ಗಾಳಿ ಕೆಟ್ಟಿರುವ ದಿನ ನಾನು ಹೊರಗೆ ಹೋಗುವುದಿಲ್ಲ. ಅಪ್ಪಾ, ಇನ್ನೇನು ಕೇಳಬೇಕೋ ಬರೆಯಿರಿ.

ನಿಮ್ಮ ಮಗಳು