ಮಕ್ಕಳ ಪುಟವನ್ನು ನಿಧಾನವಾಗಿ ಬರೆಯಿರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಪಕ್ಕದಲ್ಲೇ ನಿನ್ನ ಅಮ್ಮ ಕೂತಿದ್ದಳು. ನೀನೂ ನಿನ್ನ ಗಂಡನೂ ಮತ್ತೆ ಒಂದಾಗಲಿ ಅಂತ ಅವಳು ಈಗಲೂ ಶನಿವಾರ ಒಪ್ಪತ್ತು ಮಾಡುತ್ತಾಳೆ. ಅವಳೆದುರು ಡೈವೋರ್ಸ್ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಯಾಕೆ ಬೇರೆಯಾಗುತ್ತಿದ್ದೀರಿ ಅಂತ ನಾನು ಕೇಳುವುದಿಲ್ಲ. ಹದಿನಾಲ್ಕು ತಿಂಗಳು ಬೇರೆ ಬೇರೆ ಇದ್ದು, ಜಗಳವಿಲ್ಲದೆ ಇಬ್ಬರೂ ಒಂದೇ ಮಾತಿಗೆ ಬಂದಿದ್ದೀರಿ ಅಂದರೆ ಅದು ಯೋಚಿಸಿ ಆಡಿದ ಮಾತೇ. ವಕೀಲರಿಲ್ಲದೆ ನಾವೇ ಅರ್ಜಿ ಹಾಕಬಹುದಾ ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ. ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು ನಾನು. ಗಂಡ ಹೆಂಡತಿಯರ ಹೇಳಿಕೆಗಳನ್ನು ಟೈಪ್ ಮಾಡಿ ಮಾಡಿ ಬೆರಳು ಸವೆದಿದೆ.

ಹಾಕಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮು ಓದಿದರೆ ನಿನಗೇ ಆಶ್ಚರ್ಯವಾಗುತ್ತದೆ. ಆ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಕೋರ್ಟ್ ಒಪ್ಪಿದರೆ ಮಾತ್ರ ಉಂಟು. ಅಂದರೆ ಗಂಡ ಹೆಂಡತಿ ತಾವೇ ಬಂದು ಮಾತಾಡಲಿ ಅಂತಲೇ ಆ ಕೋರ್ಟ್ ಮಾಡಿದ್ದು. ಅರ್ಜಿಯನ್ನು ಕನ್ನಡದಲ್ಲೇ ಬರೆದುಕೊಡಬಹುದು. ನಿಮ್ಮ ಮದುವೆಯಾದ ಹಾಸನದಲ್ಲೂ ಹಾಕಬಹುದು, ಕೊನೆಗೆ ಒಟ್ಟಿಗೆ ಸಂಸಾರ ಮಾಡಿದ ಬೆಂಗಳೂರಿನಲ್ಲೂ ಹಾಕಬಹುದು. ಇಬ್ಬರೂ ಬೆಂಗಳೂರಿನಲ್ಲೇ ಇದ್ದೀರಿ. ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೇ ಹೋಗಿ. ವಾಯಿದೆಗೆ ಅಂತ ಪ್ರತಿಸಲ ಹಾಸನಕ್ಕೆ ಓಡಾಡುವುದು ಬೇಡ.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಕೆಳಗೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಕನಿಷ್ಠ ಒಂದು ವರ್ಷ ಬೇರೆ ಇರಬೇಕು, ಇನ್ನು ಒಟ್ಟಿಗೆ ಬಾಳಲು ಆಗದು ಅಂತ ಇಬ್ಬರೂ ಹೇಳಬೇಕು. ಅರ್ಜಿ ಕೊಟ್ಟ ದಿನದಿಂದ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಹೋಗಿ ನಮ್ಮ ಮಾತು ಅದೇ ಅನ್ನಬೇಕು. ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ತೀರ್ಪು, ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಅದು ಗೊತ್ತಿರಲಿ.

ಆ ಆರು ತಿಂಗಳನ್ನು ಮಾಫಿ ಮಾಡಿಸಬಹುದಂತೆ ಅಂದೆ. ನಿಜ. 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಆ ತೀರ್ಪಿನ ಪ್ರಕಾರ ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಮುಗಿದಿರಬೇಕು, ದುಡ್ಡು ಮಕ್ಕಳು ಎಲ್ಲ ತೀರ್ಮಾನ ಆಗಿರಬೇಕು. ಇಷ್ಟಾದ ಮೇಲೂ ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ನಿಮಗೆ ಇನ್ನೂ ನಾಲ್ಕು ತಿಂಗಳು ಬಾಕಿ. ನನ್ನ ಮಾತು ಕೇಳು, ಮಾಫಿಯ ಹಿಂದೆ ಬೀಳಬೇಡ. ಈಗಲೇ ಅರ್ಜಿ ಹಾಕಿ, ಆರು ತಿಂಗಳು ಕಾಯಿರಿ. ಆ ಆರು ತಿಂಗಳು ನಿಮಗೆ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಸಲ ನಮ್ಮ ಕೋರ್ಟಿಗೆ ಒಂದು ಜೋಡಿ ಬಂದಿತ್ತು. ನಿಮ್ಮ ಹಾಗೆಯೇ, ಮ್ಯೂಚುವಲ್ಲಿನಲ್ಲಿ, ಅಂದರೆ ಇಬ್ಬರೂ ಒಪ್ಪಿ, ಬೇರೆಯಾದವರು. ಡಿಕ್ರಿ ಆಗಿ ವರ್ಷವಾಗಿತ್ತು. ಅವರ ಒಪ್ಪಂದದಲ್ಲಿ ಮಗುವಿನ ಬಗ್ಗೆ ಇದ್ದದ್ದು ಒಂದೇ ಸಾಲು. 'ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಯು ರಜಾ ದಿನಗಳಲ್ಲಿ ನೋಡಬಹುದು.' ಯಾವ ರಜೆ? ಭಾನುವಾರವಾ, ದಸರಾ ರಜೆಯಾ? ನೋಡಬಹುದು ಅಂದರೆ ಮನೆಗೆ ಕರೆದುಕೊಂಡು ಹೋಗಬಹುದಾ, ಅಲ್ಲೇ ಬಾಗಿಲಲ್ಲಿ ನಿಂತು ನೋಡಬೇಕಾ? ಅದೇ ಜಗಳ. ಕಾರಿಡಾರಿನ ಬೆಂಚಿನ ಮೇಲೆ ಏಳು ವರ್ಷದ ಹುಡುಗ ಸ್ಕೂಲ್ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಅಪ್ಪ ಈ ತುದಿ, ಅಮ್ಮ ಆ ತುದಿ. ಮಧ್ಯಾಹ್ನ ಊಟಕ್ಕೆ ಎದ್ದಾಗ ನೋಡಿದೆ. ಅವನು ಬ್ಯಾಗಿನ ಜಿಪ್ಪನ್ನು ಎಳೆಯುತ್ತಿದ್ದ, ಮುಚ್ಚುತ್ತಿದ್ದ. ಎಳೆಯುತ್ತಿದ್ದ, ಮುಚ್ಚುತ್ತಿದ್ದ. ನನ್ನ ಡಬ್ಬಿಯಲ್ಲಿದ್ದ ಚಪಾತಿ ಸುರುಳಿ ಕೊಟ್ಟೆ. ತೆಗೆದುಕೊಳ್ಳುವ ಮೊದಲು ಎರಡೂ ಕಡೆ ತಿರುಗಿ ನೋಡಿದ, ಯಾರನ್ನು ಕೇಳಬೇಕು ಅಂತ ಗೊತ್ತಾಗದೆ.

ಆ ಮಗು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ ಪುಟ್ಟಿ, ಅರ್ಜಿಯ ಉಳಿದ ಪುಟಗಳನ್ನು ಒಂದು ಸಂಜೆಯಲ್ಲಿ ಬರೆಯಿರಿ. ಮಕ್ಕಳ ಪುಟಕ್ಕೆ ಒಂದು ತಿಂಗಳು ತೆಗೆದುಕೊಳ್ಳಿ.

ಅದರಲ್ಲಿ 'ಪರಸ್ಪರ ಅನುಕೂಲದಂತೆ' ಅನ್ನುವ ಮಾತು ಎಲ್ಲೂ ಬರಬಾರದು. ಈಗ ನಿಮ್ಮಿಬ್ಬರ ಮನಸ್ಸು ತಣ್ಣಗಿದೆ. ನಾಳೆ ಹಾಗೇ ಇರುತ್ತದೆ ಅಂತ ಹೇಳಲಾಗದು. ದಿನ ಬರೆಯಿರಿ, ಗಂಟೆ ಬರೆಯಿರಿ. ಯಾವ ಯಾವ ಶುಕ್ರವಾರ ಅವನು ಕರೆದುಕೊಂಡು ಹೋಗುತ್ತಾನೆ, ಎಷ್ಟು ಗಂಟೆಗೆ, ಎಲ್ಲಿಂದ, ಭಾನುವಾರ ಸಂಜೆ ಯಾರು ತಂದುಬಿಡುತ್ತಾರೆ. ಬೇಸಿಗೆ ರಜೆಯಲ್ಲಿ ಎಷ್ಟು ದಿನ, ದಸರಾ ರಜೆಯ ಮೊದಲ ಅರ್ಧ ಯಾರಿಗೆ. ಯುಗಾದಿ ಒಬ್ಬರ ಮನೆಯಲ್ಲಾದರೆ ದೀಪಾವಳಿ ಇನ್ನೊಬ್ಬರ ಮನೆಯಲ್ಲಿ, ಮರುವರ್ಷ ಅದಲು ಬದಲು. ಮಗುವಿಗೆ ಜ್ವರ ಬಂದ ವಾರ ಏನು ಮಾಡುವುದು, ಆ ದಿನ ಮುಂದಕ್ಕೆ ಹೋಗುತ್ತದಾ ಇಲ್ಲವಾ. ದೊಡ್ಡವಳ ಶಾಲೆ ಬದಲಿಸಬೇಕಾದರೆ ಇಬ್ಬರೂ ಒಪ್ಪಬೇಕಾ. ಪಾಸ್‌ಪೋರ್ಟಿಗೆ ಸಹಿ ಯಾರದು. ಅವನ ಅಪ್ಪ ಅಮ್ಮನನ್ನು ಮರೆಯಬೇಡ. ಆ ಮುದುಕರು ನಿನಗೆ ಏನೂ ಕೆಟ್ಟದ್ದು ಮಾಡಿಲ್ಲ, ಮೊಮ್ಮಕ್ಕಳನ್ನು ಬಿಟ್ಟಿರಲಾರರು. ಅವರಿಗೂ ಒಂದು ಸಾಲು ಬರೆ.

ಚಿಕ್ಕವನಿಗೆ ಇನ್ನೂ ನಾಲ್ಕು. ಐದು ತುಂಬುವ ತನಕ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಹಾಗಂತ ಅದನ್ನು ಗಂಡನ ಮುಂದೆ ಎತ್ತಿ ಹಿಡಿಯಬೇಡ. ಮಗು ಯಾರ ಗೆಲುವೂ ಅಲ್ಲ.

ಈಗ ಆ ಆರು ತಿಂಗಳ ವಿಷಯ. ಅರ್ಜಿ ಹಾಕಿದ ಮರುವಾರದಿಂದಲೇ ಬರೆದ ಹಾಗೆ ನಡೆದು ನೋಡಿ. ತಾಲೀಮು ಅಂದುಕೊಳ್ಳಿ. ಶುಕ್ರವಾರ ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅವನು ಆರು ಗಂಟೆಗೆ ಬರಲಾರ ಅಂತ ಎರಡನೇ ವಾರವೇ ಗೊತ್ತಾಗುತ್ತದೆ. ಚಿಕ್ಕವನು ಎರಡನೇ ರಾತ್ರಿಗೆ ನಿನ್ನನ್ನು ಕೇಳಿ ಅಳುತ್ತಾನಾ ಇಲ್ಲವಾ, ಅದೂ ಗೊತ್ತಾಗುತ್ತದೆ. ಯಾವುದು ಆಗುವುದಿಲ್ಲವೋ ಅದನ್ನು ತಿದ್ದಿ, ಇಬ್ಬರೂ ಸಹಿ ಹಾಕಿ, ಎರಡನೇ ಸಲ ಹೋದಾಗ ಕೋರ್ಟಿಗೆ ಕೊಡಿ. ಇಬ್ಬರ ಒಪ್ಪಿಗೆಯಿಂದ ಆದ ಆದೇಶದ ಮೇಲೆ ಅಪೀಲಿಲ್ಲ. ಮಕ್ಕಳ ವಿಷಯವನ್ನು ಮುಂದೆಯೂ ಕೋರ್ಟ್ ಬದಲಿಸಬಹುದು, ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅದಕ್ಕೆ ದಾರಿ ಇದೆ. ಆದರೆ ಮತ್ತೆ ಆ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸುವುದು ಯಾಕೆ?

ದುಡ್ಡಿನ ಮಾತು ಆಡಲು ನಿನಗೆ ನಾಚಿಕೆ. ಬೇಗ ಮುಗಿದರೆ ಸಾಕು, ನನಗೇನೂ ಬೇಡ ಅಂದೆ. ನಿನ್ನ ಜೀವನಾಂಶ ಬೇಡ ಅನ್ನುವುದು ನಿನ್ನಿಷ್ಟ. ಮಕ್ಕಳದ್ದನ್ನು ಬೇಡ ಅನ್ನಲು ನಿನಗೆ ಅಧಿಕಾರವಿಲ್ಲ. ಅದು ಅವರ ಹಕ್ಕು. ಅಪ್ಪ ಅಮ್ಮ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಪ್ರತಿ ತಿಂಗಳು ಎಷ್ಟನೇ ತಾರೀಖಿಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಹೆಚ್ಚಾಗಬೇಕು ಅಂತ ಬರೆ. ಶಾಲೆಯ ಫೀಸು, ಆಸ್ಪತ್ರೆ ಖರ್ಚು ಬೇರೆ ಸಾಲಿನಲ್ಲಿ. ನಿನ್ನ ತವರಿನ ಒಡವೆಗಳ ಪಟ್ಟಿಯನ್ನೂ ಹಚ್ಚು, ಕೈಗೆ ಬಂದಿದ್ದರೆ ಬಂದಿದೆ ಅಂತ ಬರೆ.

ಕಾಗದಪತ್ರ ಜಾಸ್ತಿ ಏನಿಲ್ಲ. ಮದುವೆಯ ಸರ್ಟಿಫಿಕೇಟು, ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ. ಅರ್ಜಿ ಜೊತೆ ಇಬ್ಬರ ಅಫಿಡವಿಟ್ಟು. ಫೈಲಿಂಗ್ ಕೌಂಟರಿನಲ್ಲಿ ಆಫೀಸ್ ಆಬ್ಜೆಕ್ಷನ್, ಅಂದರೆ ಅರ್ಜಿಯಲ್ಲಿ ಇಂಥ ಕೊರತೆ ಇದೆ ಅಂತ, ಹಾಕಿ ವಾಪಸ್ ಕೊಟ್ಟರೆ ಎದೆಗುಂದಬೇಡ. ವಕೀಲರ ಫೈಲುಗಳೂ ವಾಪಸ್ ಬರುತ್ತವೆ. ಏನು ಸರಿಪಡಿಸಬೇಕು ಅಂತ ಕೇಳಿ ಬರೆದುಕೊ. ಎಂ.ಸಿ. ನಂಬರ್, ಅಂದರೆ ನಿಮ್ಮ ಕೇಸಿನ ನಂಬರ್, ಬಿದ್ದ ಮೇಲೆ ವಾಯಿದೆಯನ್ನು ಮೊಬೈಲಿನಲ್ಲೇ ನೋಡಿಕೊಳ್ಳಬಹುದು.

ಕೌನ್ಸೆಲರ್ ಹತ್ತಿರವೋ ಮಧ್ಯಸ್ಥಿಕೆಗೋ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಸಲ ಕೂರಿಸಿ ಮಾತಾಡಿಸುವುದು ಕೋರ್ಟಿನ ಕರ್ತವ್ಯ. ಜೊತೆಗೆ ನಿಮ್ಮ ಮಕ್ಕಳ ಪುಟವನ್ನು ಹೊರಗಿನವರೊಬ್ಬರು ಓದಿದ ಹಾಗಾಗುತ್ತದೆ. ನ್ಯಾಯಾಧೀಶರು ಒತ್ತಾಯ ಇದೆಯಾ ಅಂತ ಕೇಳುತ್ತಾರೆ. ತಲೆ ಎತ್ತಿ, ಇದ್ದದ್ದು ಹೇಳು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಆ ಪ್ರಶ್ನೆಗೆ ಸೆರಗು ಹಿಡಿದುಕೊಂಡು ಅತ್ತುಬಿಡುತ್ತಿದ್ದರು, ಟೈಪ್ ಮಾಡುವ ನನಗೂ ಅಕ್ಷರ ಕಾಣುತ್ತಿರಲಿಲ್ಲ. ಅಳು ಬಂದರೆ ಅಳು, ತಪ್ಪಿಲ್ಲ.

ಒಂದು ಎಚ್ಚರ. ಅವನು ಮಾತು ಬದಲಿಸಿದರೆ, ಫ್ಲ್ಯಾಟಿನ ಸಾಲ ಯಾರ ಹೆಸರಿಗೆ ಅನ್ನುವ ತಕರಾರು ಎದ್ದರೆ, ಹೆದರಿಸಿ ಸಹಿ ಹಾಕಿಸಿಕೊಳ್ಳುವ ಹಾಗೆ ಕಂಡರೆ, ಅಲ್ಲಿಗೆ ನಿಲ್ಲಿಸಿ ವಕೀಲರ ಹತ್ತಿರ ಹೋಗು. ದುಡ್ಡಿಲ್ಲ ಅನ್ನಬೇಡ. ಹೆಂಗಸರಿಗೆ ಸಂಬಳ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ದೊಡ್ಡವಳಿಗೆ ಒಂಬತ್ತು ವರ್ಷ, ಎಲ್ಲ ಅರ್ಥವಾಗುತ್ತದೆ. ಅರ್ಜಿ ಹಾಕುವ ಮೊದಲೇ ನೀವಿಬ್ಬರೂ ಒಟ್ಟಿಗೆ ಕೂತು ಅವಳಿಗೆ ಹೇಳಿ. 'ಅಪ್ಪನಿಗೆ ಫೀಸು ಕಟ್ಟಲು ಹೇಳು' ಅಂತ ಅವಳ ಬಾಯಲ್ಲಿ ಯಾವತ್ತೂ ಹೇಳಿಸಬೇಡ. ಹೇಳುವುದಿದ್ದರೆ ನೀನೇ ಮೆಸೇಜ್ ಮಾಡು.

ನಿನ್ನ ಅಮ್ಮನಿಗೆ ನಾನು ಹೇಳುತ್ತೇನೆ, ಅದು ನನಗೆ ಬಿಡು. ಕರಡು ಬರೆದು ವಾಟ್ಸಾಪಿನಲ್ಲಿ ಕಳಿಸು, ತಿದ್ದಿಕೊಡುತ್ತೇನೆ. ಮಕ್ಕಳ ಪುಟ ಮಾತ್ರ ಟೈಪ್ ಮಾಡಿಸುವ ಮೊದಲು ಅವನ ಕೈಯಲ್ಲಿ ಒಂದು ಸಲ ಬರೆಸು. ನೀನು ಪಕ್ಕದಲ್ಲಿ ಕೂತಿರು.

ಇಂತಿ,
ನಿನ್ನ ದೊಡ್ಡಮ್ಮ