ಮದ್ದೂರಿನ ಅಜ್ಜಿಯ ಬಾಯಿಗೆ ‘ಮಾಂಸ’ ಯಾಕೆ?

ಪ್ರೀತಿಯ ತಮ್ಮಾ,

ಹಸ್ತಪ್ರತಿ ಓದಿದೆ. ಕಥೆ ಎಲ್ಲಿಂದ ಶುರು ಮಾಡಬೇಕು, ಅಧ್ಯಾಯ ಎಷ್ಟುದ್ದ ಇರಬೇಕು ಅಂತ ಕೇಳಿದ್ದೀಯ. ಅದೆಲ್ಲ ಬರೆಯುತ್ತಾ ಕೈಗೆ ಹತ್ತುತ್ತೆ, ಬಿಡು. ಯುಗಾದಿಯ ಮರುದಿನ, ಹೊಸತೊಡಕಿನಂದು, ಮದ್ದೂರಿನ ಅಜ್ಜಿ ಸೊಸೆಗೆ ‘ಮಾಂಸ ಬೆಂದಿದೆಯೇ ನೋಡು’ ಅಂತಾಳಲ್ಲ, ನಾನು ನಿಂತದ್ದು ಅಲ್ಲಿ. ‘ಬಾಡು ಬೆಂತಾ ನೋಡವ್ವ’ ಅನ್ನೋ ಬಾಯಿ ಕಣೋ ಅದು!

ಮಾಂಸ ಬದುಕಿರುವ ಮೈಗೂ ಸಲ್ಲುವ ಪದ. ಗಾಯದಲ್ಲಿ ಮಾಂಸ ಕಾಣುತ್ತೆ, ಓಡಿದರೆ ಮಾಂಸಖಂಡ ಹಿಡಿಯುತ್ತೆ. ಬಾಡು ತಿನ್ನೋದಕ್ಕೆ ಮಾತ್ರ. ಸಂತೆಯಲ್ಲಿ ಮರಿಯ ಬೆನ್ನು ಒತ್ತಿ ‘15 ಕೆಜಿ ಬಾಡು ಬೀಳ್ತದೆ’ ಅನ್ನುವವನು ಆಗಲೇ ಅದನ್ನು ಪಾತ್ರೆಯೊಳಗೆ ನೋಡುತ್ತಿರುತ್ತಾನೆ. ಈರುಳ್ಳಿ ಬಾಡಿಸಿ ಬಾಡು ಹಾಕಿದಳು ಅಂತ ಎರಡೂ ಒಂದೇ ಸಾಲಿಗೆ ಬಂದರೂ ಯಾರಿಗೂ ಗೊಂದಲವಾಗಲ್ಲ.

ಪಾತ್ರೆಯಲ್ಲೂ ಎಡವಿದ್ದೀಯ. ಬಾಡು ಬಿದ್ದ ತಕ್ಷಣ ನೀರು ಹುಯ್ಯಬಾರದು. ಉಪ್ಪು, ಅರಿಸಿನ ಹಾಕಿ ಕೈಯಾಡಿಸಿದರೆ ತಾನೇ ನೀರು ಬಿಡುತ್ತೆ. ಅದು ಇಂಗಿದ ಮೇಲೆ ಬಿಸಿನೀರು. ಅವಸರ ಮಾಡಿದರೆ ಹಸಿ ವಾಸನೆ ಸಾರಿನಲ್ಲೇ ಉಳಿಯುತ್ತೆ. ಮರಿ ಕಡಿದು ಪಾಲಿಗೊಂದು ಗುಡ್ಡೆ ಹಾಕುವಾಗ ಬರೀ ತೊಡೆ ಹಂಚಿದ್ದೀಯಲ್ಲ, ಮಾರಾಯ! ತೊಡೆ, ಪಕ್ಕೆಮೂಳೆ, ಈಲಿ (ಲಿವರ್), ಬೋಟಿ (ಕರುಳು), ನೆಣ (ಕೊಬ್ಬು) ಪ್ರತಿ ಗುಡ್ಡೆಗೂ ಚೂರುಚೂರು ಬೀಳಬೇಕು. ಒಂದಕ್ಕೆ ಈಲಿ ತಪ್ಪಿದರೂ ಜಗಳ. ನಿನ್ನ ಕಥೆಗೆ ಬೇಕಿದ್ದ ಜಗಳ ಅಲ್ಲೇ ಇತ್ತು.

ಹಾಗಂತ ಎಲ್ಲರ ಬಾಯಿಗೂ ಬಾಡು ತುರುಕಬೇಡ. ಉತ್ತರ ಕರ್ನಾಟಕದ ಮುದುಕಿಗೆ ಅದು ಖಂಡ, ಕೊಡವರಿಗೆ ಎರಚಿ, ತುಳುವರಿಗೆ ಮಾಸ. ಪೇಟೆಯಲ್ಲಿ ಎಲ್ಲ ಕಡೆ ಮಟನ್. ಅದು ಕುರಿಯೂ ಹೌದು, ಮೇಕೆಯೂ ಹೌದು.

ನೀನು ಯಾಕೆ ಮಾಂಸ ಅಂತ ಬರೆದೆ ಅನ್ನೋದು ಗೊತ್ತು. ಯಾರೋ ಮೂಗು ಮುರಿದಾರು ಅಂತ. ಬಾಡು ಬಂದಲ್ಲೆಲ್ಲ ಉದ್ಧರಣ ಚಿಹ್ನೆ ಹಾಕಿ, ಇಕ್ಕಳದಲ್ಲಿ ಹಿಡಿದಂತೆ ಅಚ್ಚು ಮಾಡುವ ಸಂಪಾದಕರ ಮೇಲೆ ನನಗಿನ್ನೂ ಸಿಟ್ಟಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಜನ ಕೇಳಿದ್ದು ಬಾಡೂಟ. ಆ ಜಿಲ್ಲೆಯ ಕಥೆ ಬರೆಯುವ ನೀನು ಹೆದರಿ ಕೂತಿದ್ದೀಯ!

ಅಜ್ಜಿಯ ಸಾಲು ತಿದ್ದಿ ಕಳಿಸು. ಹೊಸ ಬೀಗರನ್ನು ಊಟಕ್ಕೆ ಕರೆಯುವಲ್ಲಿ ಮಾತ್ರ ಮಾಂಸವೂ ಬೇಡ, ಬಾಡೂ ಬೇಡ. ‘ನೀವು ತಿಂತೀರಾ?’ ಅಂದರೆ ಸಾಕು. ಏನನ್ನು ಅಂತ ಅವರು ಕೇಳಲ್ಲ.